ಅಳತೆಗೋಲಾದ ಬಿರುಗಾಳಿ

ಹಿಂದಿನ ವಿಪತ್ತಿನಿಂದ ಇಂದಿನ ವಿಪತ್ತನ್ನು ಅಳೆಯುವುದು ಮನುಷ್ಯನ ಸಹಜಗುಣ. ನಮ್ಮ ಹೊಳೆದಂಡೆಯ ಊರುಗಳಲ್ಲಿ ನೆರೆ ಬಂದಾಗ ಹಿರಿಯರ ಕಣ್ಣು ಮೊದಲು ಹೋಗುವುದು ನೀರಿನ ಕಡೆಗಲ್ಲ. ಹಿಂದಿನ ದೊಡ್ಡ ನೆರೆ ಗೋಡೆಯ ಮೇಲೆ ಬಿಟ್ಟುಹೋದ ಗೆರೆಯ ಕಡೆಗೆ. ನೀರು ಆ ಗೆರೆಯಿಂದ ಕೆಳಗಿರುವವರೆಗೆ ಅವರಿಗೆ ಧೈರ್ಯ. ಅನುಭವದಿಂದ ಹುಟ್ಟಿದ ಈ ಧೈರ್ಯವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅನುಭವವೇ ಒಮ್ಮೊಮ್ಮೆ ಮನುಷ್ಯನನ್ನು ವಂಚಿಸುವುದುಂಟು. ಅದಕ್ಕೆ ಅಮೆರಿಕದ ದಕ್ಷಿಣದಲ್ಲಿ, ಮೆಕ್ಸಿಕೋ ಕೊಲ್ಲಿಯ ಅಂಚಿನಲ್ಲಿ ಬಾಳುವ ಜನರ ಕಥೆಗಿಂತ ಮಿಗಿಲಾದ ನಿದರ್ಶನ ದೊರೆಯುವುದು ಕಷ್ಟ.

1969ರ ಆಗಸ್ಟ್ 17ರ ರಾತ್ರಿ ಮಿಸಿಸಿಪಿ ಸಂಸ್ಥಾನದ ತೀರಕ್ಕೆ ಕಮೀಲ್ ಎಂಬ ಚಂಡಮಾರುತ ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ ಸುಮಾರು 175 ಮೈಲಿ. ಪಾಸ್ ಕ್ರಿಶ್ಚಿಯನ್ ಎಂಬ ಊರಿನಲ್ಲಿ ಕಡಲು ಸುಮಾರು 24 ಅಡಿ ಮೇಲೆದ್ದು ಬಂದಿತು. ಅದು ಒಳನಾಡಿನಲ್ಲಿ ವರ್ಜೀನಿಯಾದವರೆಗೆ ಸಾಗಿ ಸುರಿಸಿದ ಮಳೆಯ ಬಲಿಗಳನ್ನೂ ಸೇರಿಸಿದರೆ ಸತ್ತವರು 250ಕ್ಕೂ ಮಿಗಿಲು. ಅಂದಿನಿಂದ ಆ ತೀರದಲ್ಲಿ ಕಾಲಗಣನೆಯೇ ಎರಡಾಯಿತು: ಕಮೀಲಿಗೆ ಮುಂಚೆ, ಕಮೀಲಿನ ತರುವಾಯ. ಗಲ್ಫ್‌ಪೋರ್ಟಿನಲ್ಲಿ ಗಾಳಿ ದಡಕ್ಕೆಸೆದ ಒಂದು ಹಡಗೆಳೆಯುವ ದೋಣಿಯನ್ನು ಬಿದ್ದಲ್ಲಿಯೇ ಉಳಿಸಿ, ಅದಕ್ಕೆ ಕಮೀಲ್ ಎಂದೇ ಹೆಸರಿಟ್ಟು ನೋಡುಗರಿಗೆ ತೋರಿಸುತ್ತಿದ್ದರು. ಅಂದು ನೀರು ಮುಟ್ಟದ ಮನೆಗಳನ್ನು ಇನ್ನೆಂದೂ ನೀರು ಮುಟ್ಟದೆಂಬ ನಂಬಿಕೆ ಬೆಳೆಯಿತು.

ಮೂವತ್ತಾರು ವರ್ಷಗಳ ನಂತರ, 2005ರ ಆಗಸ್ಟ್ 29ರಂದು ಕಟ್ರೀನಾ ಬಂದಿತು. ಊರು ಬಿಡಿರೆಂದು ಮೊದಲೇ ಎಚ್ಚರಿಕೆ ಹೊರಟಿತ್ತು. ಹಲವರು ಬಿಟ್ಟರು, ಕೆಲವರು ಬಿಡಲಿಲ್ಲ. ಬಿಡದವರಲ್ಲಿ ಬಡವರಿದ್ದರು, ಮುದುಕರಿದ್ದರು, ವಾಹನವಿಲ್ಲದವರಿದ್ದರು. ಇವರ ಜೊತೆಗೆ, ಹೋಗುವ ಅನುಕೂಲವಿದ್ದೂ ಹೋಗದೆ ಉಳಿದವರೂ ಇದ್ದರು. ಕಮೀಲಿನಲ್ಲಿ ನಿಂತ ಮನೆ ಇದರಲ್ಲಿ ಬೀಳುವುದೆ, ಎಂಬುದು ಅವರ ತರ್ಕ. ಅಂದು ಪಾಸ್ ಕ್ರಿಶ್ಚಿಯನ್ನಿನಲ್ಲಿ ಕಡಲು ಮೇಲೆದ್ದುದು ಸುಮಾರು 28 ಅಡಿ. ಮಿಸಿಸಿಪಿಯೊಂದರಲ್ಲೇ 230ಕ್ಕೂ ಹೆಚ್ಚು ಮಂದಿ ಸತ್ತರು. ಕಮೀಲ್ 1969ರಲ್ಲಿ ಕೊಂದವರಿಗಿಂತ 2005ರಲ್ಲಿ ಕೊಂದವರೇ ಹೆಚ್ಚು ಎಂಬ ಅರ್ಥದ ಮಾತೊಂದು ಆಮೇಲೆ ಆ ತೀರದಲ್ಲಿ ಹುಟ್ಟಿಕೊಂಡಿತು. ನೊಂದ ಜನರ ಬಾಯಿಂದ ಬಂದ ಈ ಮಾತಿನಲ್ಲಿ ವ್ಯಂಗ್ಯಕ್ಕಿಂತ ಸತ್ಯವೇ ಹೆಚ್ಚು.

ಜನ ಲೆಕ್ಕ ತಪ್ಪಿದ್ದು ಎಲ್ಲಿ? ಗಾಳಿಯನ್ನು ಮಾತ್ರ ನೋಡಿದರೆ ಅವರು ಹೇಳಿದ್ದು ಸುಳ್ಳಲ್ಲ. ಮಿಸಿಸಿಪಿಯ ದಡ ಸೇರುವ ವೇಳೆಗೆ ಕಟ್ರೀನಾದ ವೇಗ ಗಂಟೆಗೆ ಸುಮಾರು 120 ಮೈಲಿಗೆ ಇಳಿದಿತ್ತು. ಕಮೀಲಿಗೆ ಹೋಲಿಸಿದರೆ ಅದು ಸೌಮ್ಯವೇ. ಆದರೆ ಕಮೀಲ್ ಬಿಗಿಯಾಗಿ ಸುತ್ತಿಕೊಂಡ ಸಣ್ಣ ಸುಳಿ. ಕಟ್ರೀನಾ ಬಹುದೂರ ಹರಡಿದ್ದ ದೊಡ್ಡ ಸುಳಿ. ಹಿಂದಿನ ದಿನ ನಡುಗಡಲಿನಲ್ಲಿ ಅದು ಪರಮಾವಧಿಯ ವೇಗದಲ್ಲಿದ್ದಾಗ ಎಬ್ಬಿಸಿದ ನೀರು, ಗಾಳಿ ತಗ್ಗಿದೊಡನೆ ತಗ್ಗಲಿಲ್ಲ. ಆ ತೀರದ ಕಡಲತಳವೋ ಬಹುದೂರದವರೆಗೆ ಆಳವಿಲ್ಲದ ಇಳಿಜಾರು. ದಡದತ್ತ ನೂಕಿಬಂದ ನೀರಿಗೆ ಕೆಳಗಿಳಿಯಲು ಎಡೆಯಿಲ್ಲ, ಮೇಲೇರುವುದೊಂದೇ ದಾರಿ. ಮನೆಯ ಮಾಡನ್ನು ಹಾರಿಸುವುದು ಗಾಳಿ, ನಿಜ. ಆದರೆ ಇಂಥ ಚಂಡಮಾರುತಗಳಲ್ಲಿ ಜನರನ್ನು ಹೆಚ್ಚಾಗಿ ಕೊಲ್ಲುವುದು ನೀರು.

ಸಾಮಾನ್ಯ ಜನರ ತಪ್ಪೆಂದು ಇದನ್ನು ತಳ್ಳಿಹಾಕುವಂತಿಲ್ಲ. ವಿದ್ವಾಂಸರ ಅಳತೆಗೋಲೂ ಇಂಥದೇ ಆಗಿತ್ತು. ಹರ್ಬರ್ಟ್ ಸ್ಯಾಫಿರ್ ಎಂಬ ಎಂಜಿನಿಯರೂ ರಾಬರ್ಟ್ ಸಿಂಪ್ಸನ್ ಎಂಬ ಹವಾಮಾನತಜ್ಞರೂ ರೂಪಿಸಿ, 1970ರ ದಶಕದಲ್ಲಿ ಬಳಕೆಗೆ ಬಂದ ಪಟ್ಟಿಯಲ್ಲಿ ಚಂಡಮಾರುತಗಳಿಗೆ ಒಂದರಿಂದ ಐದರವರೆಗೆ ದರ್ಜೆಗಳುಂಟು. ಪ್ರತಿ ದರ್ಜೆಯ ಗಾಳಿಗೆ ಇಷ್ಟು ಅಡಿ ಕಡಲು ಏಳುವುದೆಂದೂ ಅದರಲ್ಲಿ ನಮೂದಿಸಿದ್ದರು. ಕಮೀಲ್ ಐದನೆಯ ದರ್ಜೆ. ದಡ ಮುಟ್ಟಿದಾಗ ಕಟ್ರೀನಾ ಮೂರನೆಯದು. ಮೂರನೆಯ ದರ್ಜೆಗೆ ಪಟ್ಟಿ ಹೇಳಿದ್ದು 9ರಿಂದ 12 ಅಡಿ, ಬಂದದ್ದು 28. ಕೊನೆಗೆ 2010ರಲ್ಲಿ ಕಡಲಿನ ಎತ್ತರದ ಅಂಕಿಗಳನ್ನು ಪಟ್ಟಿಯಿಂದ ತೆಗೆದುಹಾಕಿ, ಅದು ಗಾಳಿಯ ಅಳತೆ ಮಾತ್ರವೆಂದು ಸಾರಬೇಕಾಯಿತು. ತಪ್ಪನ್ನು ಒಪ್ಪಿ ತಿದ್ದಿಕೊಂಡದ್ದು ವಿಜ್ಞಾನಕ್ಕೆ ಶೋಭೆ ತರುವಂಥದೇ ಸರಿ.

ಹಾಗಾದರೆ ಹಿಂದಿನದನ್ನು ಮರೆಯುವುದೇ ಮೇಲೆ ಎಂದು ಯಾರಾದರೂ ಕೇಳಬಹುದು. ಅದೂ ಅಲ್ಲವೆಂಬುದಕ್ಕೆ ಇದೇ ಕೊಲ್ಲಿಯ ಟೆಕ್ಸಾಸ್ ತೀರ ಸಾಕ್ಷಿ. ಅಲ್ಲಿ ಇಂಡಿಯನೋಲಾ ಎಂಬ ಬಂದರು 1875ರಲ್ಲಿ ಒಮ್ಮೆ, 1886ರಲ್ಲಿ ಮತ್ತೊಮ್ಮೆ ಚಂಡಮಾರುತಕ್ಕೆ ತುತ್ತಾಗಿ, ಜನ ಅದನ್ನು ಬಿಟ್ಟೇ ಹೋದರು. ನೆರೆಯ ಗ್ಯಾಲ್ವೆಸ್ಟನ್ ನಗರದಲ್ಲಿ ಕಡಲಿಗೆ ಗೋಡೆ ಕಟ್ಟಬೇಕೆಂಬ ಮಾತು ಆಗ ಎದ್ದಿತು. ಎದ್ದಷ್ಟೇ ಬೇಗ ಅಡಗಿತು. ಅಲ್ಲಿನ ಹವಾಮಾನ ಅಧಿಕಾರಿ ಐಸಾಕ್ ಕ್ಲೈನ್, ಇಂಥ ಭಯ ಬರಿಯ ಭ್ರಮೆಯೆಂದು 1891ರಲ್ಲಿ ಪತ್ರಿಕೆಯಲ್ಲಿ ಬರೆದರು. 1900ರ ಸೆಪ್ಟೆಂಬರ್ 8ರಂದು, ಎಲ್ಲಿಯೂ ಒಂಬತ್ತು ಅಡಿ ಎತ್ತರವಿಲ್ಲದ ಆ ದ್ವೀಪನಗರದ ಮೇಲೆ ಸುಮಾರು 15 ಅಡಿ ಕಡಲು ಹಾಯ್ದಿತು. ಸತ್ತವರು 6,000ದಿಂದ 12,000ದವರೆಗೆ ಎಂದು ಅಂದಾಜು. ಕ್ಲೈನರ ಪತ್ನಿಯೂ ಅವರಲ್ಲೊಬ್ಬರು. ನೆರೆಯೂರಿನ ನಾಶವನ್ನು ತನ್ನದಲ್ಲವೆಂದು ಬಗೆದ ಊರಿಗೆ ಬಂದೊದಗಿದ ಗತಿ ಇದು.

ಉಳಿದವರು ಅನಂತರ ಮಾಡಿದ ಕೆಲಸ ಮಾತ್ರ ಸ್ಮರಣೀಯ. ಅವರು ದುಃಖವನ್ನು ಬರಿಯ ಕಥೆಯಾಗಿ ಉಳಿಸಲಿಲ್ಲ. ಕಲ್ಲು ಗಾರೆಯಾಗಿ ಕಟ್ಟಿದರು. 1902ರಲ್ಲಿ ಆರಂಭಿಸಿ 1904ರ ಹೊತ್ತಿಗೆ ಮೂರು ಮೈಲಿಗೂ ಉದ್ದದ, 17 ಅಡಿ ಎತ್ತರದ ಗೋಡೆಯನ್ನು ಕಡಲಿಗೆದುರಾಗಿ ನಿಲ್ಲಿಸಿದರು. ಅಷ್ಟಕ್ಕೇ ತೃಪ್ತರಾಗದೆ ನಗರದ ನೆಲವನ್ನೇ ಎತ್ತರಿಸಲು ತೊಡಗಿದರು. ಎರಡು ಸಾವಿರದಷ್ಟು ಕಟ್ಟಡಗಳನ್ನು, ಮೂರು ಸಾವಿರ ಟನ್ ತೂಕದ ಒಂದು ಚರ್ಚನ್ನೂ ಸಹ, ತಿರುಪಿನ ಜಾಕುಗಳಿಂದ ಮೇಲಕ್ಕೆತ್ತಿ ಅಡಿಯಲ್ಲಿ ಮರಳು ತುಂಬಿಸಿದರು. 1915ರಲ್ಲಿ ಹಳೆಯದಕ್ಕೆ ಸಮನಾದ ಚಂಡಮಾರುತ ಬಂದಾಗ ಗೋಡೆಯ ಒಳಗಿನ ನಗರದಲ್ಲಿ ಸತ್ತವರು ಕೆಲವೇ ಮಂದಿ.

ಆದರೂ ಗೋಡೆಯೂ ಒಂದು ನೆನಪೇ. ನೆನಪಿನ ಮಿತಿ ಅದಕ್ಕೂ ಉಂಟು. 2008ರ ಸೆಪ್ಟೆಂಬರ್ 13ರಂದು ಐಕ್ ಎಂಬ ಚಂಡಮಾರುತ ಅದೇ ಗ್ಯಾಲ್ವೆಸ್ಟನ್ನಿಗೆ ಬಂದಾಗ, ನೀರು ಗೋಡೆಯಿದ್ದ ಕಡಲಿನ ಕಡೆಯಿಂದಲ್ಲ, ಬೆನ್ನ ಹಿಂದಿನ ಹಿನ್ನೀರಿನ ಕಡೆಯಿಂದ ನಗರವನ್ನು ಹೊಕ್ಕಿತು. ಗೋಡೆಯಿಲ್ಲದ ನೆರೆಯ ಬೊಲಿವರ್ ನೆಲನಾಲಗೆಯಲ್ಲಿ ಮನೆಗಳ ಸಾಲುಸಾಲೇ ಕೊಚ್ಚಿಹೋದವು. ಐಕ್ ಗಾಳಿಯ ಲೆಕ್ಕದಲ್ಲಿ ಎರಡನೆಯ ದರ್ಜೆಯದು!

ನನ್ನ ಅಭಿಪ್ರಾಯದಲ್ಲಿ ವಿಪತ್ತಿನ ನೆನಪು ಎರಡು ಬಗೆಯದು. ಯಾವುದು ದೊಡ್ಡದು, ಯಾವುದು ಸಣ್ಣದು ಎಂದು ಪಂಕ್ತಿ ಹಾಕುವ ನೆನಪು ಒಂದು. ದೊಡ್ಡದನ್ನು ಕಂಡು ಬದುಕಿದವನು ಸಣ್ಣದಕ್ಕೆ ಅಂಜುವುದಿಲ್ಲ. ಹೀಗೆ ಈ ನೆನಪು ಎಚ್ಚರಿಕೆಯ ವೇಷದಲ್ಲಿ ಬಂದು ಎಚ್ಚರವನ್ನೇ ಕಸಿಯುತ್ತದೆ. ನೀರು ಯಾವ ದಿಕ್ಕಿನಿಂದ ಬಂತು, ಏಕೆ ಏರಿತು, ಯಾರು ಊರು ಬಿಡಲಾರದೆ ಉಳಿದರು, ಎಂದು ಕೇಳುವ ನೆನಪು ಇನ್ನೊಂದು. ಮೊದಲನೆಯದು ಅಭಿಮಾನವನ್ನು ಬೆಳೆಸುತ್ತದೆ, ಎರಡನೆಯದು ವಿವೇಕವನ್ನು. ಶಾಲೆಗಳಲ್ಲಿ ನಾವು ಮಕ್ಕಳಿಗೆ ಕಲಿಸಬೇಕಾದದ್ದು ಎರಡನೆಯದನ್ನು. ಚಂಡಮಾರುತವೇನಿದ್ದರೂ ಬಂಗಾಳ ಕೊಲ್ಲಿಯದೆಂದು ನಮ್ಮ ಪಶ್ಚಿಮ ಕರಾವಳಿಯವರೂ ಬಹುಕಾಲ ನೆಮ್ಮದಿಯಿಂದ ಇದ್ದವರಲ್ಲವೆ? 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ದಡವನ್ನು ಮುಟ್ಟದೆ ಗುಜರಾತಿನ ಕಡೆಗೆ ಸಾಗಿತು; ಸಾಗುವ ದಾರಿಯಲ್ಲಿಯೇ ನಮ್ಮ ತೀರದ ಮನೆಗಳನ್ನೂ ರಸ್ತೆಗಳನ್ನೂ ಕಡಲಪಾಲು ಮಾಡಿತು.

ಅಟ್ಲಾಂಟಿಕ್ಕಿನ ಚಂಡಮಾರುತಗಳಿಗೆ ಹೆಸರಿಡುವವರು ಒಂದು ನಿಯಮವನ್ನು ಪಾಲಿಸುತ್ತಾರೆ. ಸಾಮಾನ್ಯವಾದವುಗಳ ಹೆಸರು ಆರು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಮಹಾನಾಶ ಮಾಡಿದುದರ ಹೆಸರನ್ನು ಮತ್ತೆ ಯಾವುದಕ್ಕೂ ಇಡುವುದಿಲ್ಲ. ಕಮೀಲ್, ಕಟ್ರೀನಾ, ಐಕ್ ಈ ಮೂರೂ ಹೆಸರುಗಳು ಹೀಗೆ ನಿವೃತ್ತವಾಗಿವೆ. ಸತ್ತವರ ಮೇಲಿನ ಗೌರವಕ್ಕಾಗಿ ಮಾಡಿದ ನಿಯಮವಿದ್ದೀತು. ಆದರೆ ದಡದಲ್ಲಿ ಬಾಳುವವರಿಗೆ ಅದರಲ್ಲಿ ಇನ್ನೊಂದು ಅರ್ಥವೂ ಇದೆ: ಮುಂದೆ ಬರುವುದು ಕಮೀಲಲ್ಲ. ಅದರ ಹೆಸರು ಬೇರೆ. ಅದು ಬರುವ ದಾರಿಯೂ ಬೇರೆ.