ಲೈಫ್‌ಟೈಮ್ ವಾರಂಟಿ ಅಂದ್ರೆ ಯಾರ ಲೈಫು?

ತುಮಕೂರಿನಲ್ಲಿ ನನ್ನ ತಮ್ಮನದೊಂದು ಪುಟ್ಟ ಗ್ಯಾರೇಜ್ ಇದೆ. ಕಳೆದ ವರ್ಷ ಬೋನಸ್ ಬಂದಾಗ ಅವನಿಗೊಂದು ಏರ್ ಇಂಪ್ಯಾಕ್ಟ್ ಗನ್ ಕೊಡಿಸಿದ್ದೆ. ಚಕ್ರದ ನಟ್ಟುಗಳನ್ನು ಟರ್ ಅಂತ ಬಿಚ್ಚುತ್ತಿದ್ದ ಗನ್ನು ಏಳನೇ ತಿಂಗಳಿಗೆ ಕೈಕೊಟ್ಟಿತು. ಒಂದು ವರ್ಷದ ವಾರಂಟಿ ಇದೆಯಲ್ಲ ಅಂತ ಧೈರ್ಯವಾಗಿ ಸರ್ವಿಸ್ ಸೆಂಟರಿಗೆ ಹೋದ್ವಿ. ಬಿಚ್ಚಿ ನೋಡಿದವರು, "ಒಳಗೆಲ್ಲಾ ತುಕ್ಕು. ಇದು ವಾರಂಟಿಗೆ ಬರಲ್ಲ" ಅಂದುಬಿಟ್ಟರು.

"ಅಕ್ಕಾ, ನಿನ್ನ ದುಡ್ಡು ನೀರಲ್ಲಿ ಹೋಮ ಮಾಡ್ದಂಗಾಯ್ತು" ಅಂದ ತಮ್ಮ. ನಿಜಕ್ಕೂ ತೊಂದರೆ ನೀರಿನದ್ದೇ! ಕಂಪ್ರೆಸರ್ ಗಾಳಿಯನ್ನು ಒತ್ತಿದಾಗ ಅದರಲ್ಲಿದ್ದ ತೇವಾಂಶ ತಣಿದು ನೀರಾಗಿ ಟ್ಯಾಂಕಿನ ತಳ ಸೇರುತ್ತೆ. ಅದನ್ನು ಆಗಾಗ ಹೊರಬಿಡದಿದ್ದರೆ ಪೈಪಿನ ಮೂಲಕ ಗನ್ನಿನೊಳಗೆ ಹೋಗುತ್ತೆ. ಅಲ್ಲಿ ತಿರುಗೋ ರೋಟರು, ಅದರ ತೆಳು ವೇನ್‌ಗಳು ಕಚ್ಚಿಕೊಳ್ಳುತ್ತವೆ. ದಿನಾ ನಾಲ್ಕು ಹನಿ ಏರ್ ಟೂಲ್ ಆಯಿಲ್ ಹಾಕಬೇಕು ಅಂತ ಮ್ಯಾನ್ಯುಯಲ್‌ನಲ್ಲಿ ಇತ್ತು. ನಾವು ಡಬ್ಬಿ ತೆರೆದ ದಿನವೇ ಅದನ್ನು ಅಟ್ಟಕ್ಕೆ ಎಸೆದಿದ್ವಿ.

ಆಮೇಲೆ ಕೂತು ಅವನ ಟೂಲ್‌ಗಳ ವಾರಂಟಿ ಕಾರ್ಡುಗಳನ್ನೆಲ್ಲಾ ಓದಿದೆ. ಕೈ ಟೂಲು, ಗಾಳಿ ಟೂಲು ಎರಡರ ಲೆಕ್ಕವೂ ಬೇರೆ.

ಕ್ರೋಮ್ ವೆನೇಡಿಯಂ ಉಕ್ಕಿನ ಸ್ಪ್ಯಾನರ್‌ನಲ್ಲಿ ಚಲಿಸುವ ಭಾಗವೇ ಇಲ್ಲ. ಅದಕ್ಕೇ ಕಂಪನಿಗಳು ಧೈರ್ಯವಾಗಿ 'ಲೈಫ್‌ಟೈಮ್' ಅಂತ ಬರೀತವೆ. ಆದರೆ ಆ ಮಾತು ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಮಾತ್ರ. ಸ್ಪ್ಯಾನರ್‌ಗೆ ಉದ್ದ ಪೈಪ್ ಸಿಕ್ಕಿಸಿ ಎಳೆದು ಮುರಿದರೆ ಅದು ನಿಮ್ಮ ತಪ್ಪು. ಕೈಯಲ್ಲಿ ತಿರುಗಿಸೋ ಹೊಳೆಯುವ ಸಾಕೆಟ್ಟನ್ನು ಇಂಪ್ಯಾಕ್ಟ್ ಗನ್ನಿಗೆ ಹಾಕಿ ಒಡೆದರೂ ಅಷ್ಟೇ. ಗನ್ನಿಗೆ ಅಂತಲೇ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ ಸಿಗುತ್ತೆ. ಒಡೆದ ಸಾಕೆಟ್ಟಿನ ಚೂರು ಕಣ್ಣಿಗೆ ಬಿದ್ದರೆ ಯಾವ ವಾರಂಟಿಯೂ ವಾಪಸ್ ಕೊಡಲ್ಲ. ಇನ್ನು ಟಾರ್ಕ್ ರೆಂಚ್ ನೋಡೋಕೆ ಕೈ ಟೂಲೇ ಆದರೂ ಅದು ಅಳತೆಯ ಉಪಕರಣ. ಅದಕ್ಕೆ ಕಡಿಮೆ ಅವಧಿಯ ವಾರಂಟಿ, ಜೊತೆಗೆ ಕಾಲಕಾಲಕ್ಕೆ ಕ್ಯಾಲಿಬ್ರೇಶನ್ ಬೇಕು.

ಏರ್ ಟೂಲ್‌ಗಳಿಗೆ ವಾರಂಟಿ ಸಾಮಾನ್ಯವಾಗಿ ಒಂದೆರಡು ವರ್ಷ. ವೇನ್, ಓ ರಿಂಗ್‌ನಂಥ ಸವೆಯುವ ಭಾಗಗಳು ಹೆಚ್ಚಾಗಿ ಅದರಲ್ಲಿ ಸೇರಿರಲ್ಲ. ಹಾಗಾಗಿ ಕೊಳ್ಳುವಾಗ "ಎಷ್ಟು ವರ್ಷ ವಾರಂಟಿ?" ಅನ್ನೋದಕ್ಕಿಂತ "ರಿಪೇರಿ ಕಿಟ್ ಸಿಗುತ್ತಾ? ಸರ್ವಿಸ್ ಎಲ್ಲಿ?" ಅಂತ ಕೇಳೋದು ಮುಖ್ಯ. ಅಮೆರಿಕದಲ್ಲಿ ಸ್ನ್ಯಾಪ್-ಆನ್ ಕಂಪನಿಯ ಟೂಲ್ ವ್ಯಾನ್ ಗ್ಯಾರೇಜ್ ಬಾಗಿಲಿಗೇ ಬರುತ್ತೆ. ಮುರಿದ ಸ್ಪ್ಯಾನರ್ ಬದಲಾಯಿಸೋದು ಅಲ್ಲಿ ಸಲೀಸು. ಕೊರಿಯರ್ ಖರ್ಚೇ ಸ್ಪ್ಯಾನರ್ ಬೆಲೆಯಷ್ಟಾದರೆ ನಮ್ಮ ಲೈಫ್‌ಟೈಮ್ ವಾರಂಟಿಗೆ ಏನು ಬೆಲೆ?

ಒಂದು ವಿಷಯ ಮಾತ್ರ ನೆನಪಿಡಿ. "ಬಿಸಿನೆಸ್ಸಿಗೆ ತಗೊಂಡಿದ್ದೀರಿ, ನೀವು ಗ್ರಾಹಕರೇ ಅಲ್ಲ" ಅಂತ ಯಾರಾದರೂ ಹೇಳಿದರೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸ್ವಂತ ಉದ್ಯೋಗದಿಂದ ಹೊಟ್ಟೆಪಾಡಿಗಾಗಿ ಮಾತ್ರ ಕೊಂಡು ಬಳಸುವ ವಸ್ತು 'ವಾಣಿಜ್ಯ ಉದ್ದೇಶ'ಕ್ಕೆ ಸೇರಲ್ಲ. ನಿಜವಾದ ತಯಾರಿಕಾ ದೋಷಕ್ಕೆ ವಾರಂಟಿ ಕೊಡದಿದ್ದರೆ 1915ಕ್ಕೆ ಫೋನ್ ಮಾಡಿ. ನೀವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕೆ ಬಿಲ್ ಬೇಕು. ಥರ್ಮಲ್ ಕಾಗದದ ಬಿಲ್ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತೆ. ಕೊಂಡ ದಿನವೇ ಫೋಟೋ ತೆಗೆದಿಡಿ.

ನಮ್ಮ ಕೇಸಲ್ಲಿ ದೂರೋಕೆ ಏನೂ ಇರಲಿಲ್ಲ. ದುಡ್ಡು ಕೊಟ್ಟು ಹೊಸ ವೇನ್ ಹಾಕಿಸಿದ್ವಿ, ಗನ್ ಮತ್ತೆ ಓಡ್ತಿದೆ. ಈಗ ತಮ್ಮ ದಿನಾ ಸಂಜೆ ಶಟರ್ ಎಳೆಯೋ ಮೊದಲು ಟ್ಯಾಂಕಿನ ನೀರು ಬಿಡ್ತಾನೆ. ಆಗ ನಾನು ಫೋನ್ ಮಾಡಿದರೆ ಬುಸ್ಸ್ ಅನ್ನೋ ಸದ್ದು ಕೇಳಿಸುತ್ತೆ. "ಕೇಳಿಸ್ತಾ ಅಕ್ಕಾ?" ಅಂತಾನೆ. ಮ್ಯಾನ್ಯುಯಲ್ ಈಗ ಅಟ್ಟದಿಂದಿಳಿದು ಟೂಲ್ ಬಾಕ್ಸ್ ಸೇರಿದೆ.