ಸಣ್ಣ ಕತೆಯೂ ಗತಾನುಗತಿಕತೆಯೂ

ಶ್ರಾದ್ಧದ ದಿನ ಬೆಕ್ಕನ್ನು ಕಟ್ಟಿಹಾಕಿದ ಕತೆಯನ್ನು ಕೇಳದ ವಾಚಕರು ಇರಲಾರರು. ತಂದೆಯು ಶ್ರಾದ್ಧಕ್ಕೆ ಕುಳಿತಾಗ ಮನೆಯ ಸಾಕುಬೆಕ್ಕು ಹಾಲಿನ ಪಾತ್ರೆಗೆ ಬಾಯಿಡಲು ಬಂದಿತು. ಆತನು ಅದನ್ನು ಕಂಬಕ್ಕೆ ಕಟ್ಟಿ ಕರ್ಮವನ್ನು ಮುಗಿಸಿದನು. ತಂದೆಯು ಕಾಲವಾದ ಮೇಲೆ ಮಗನು, ತನ್ನ ಮನೆಯಲ್ಲಿ ಬೆಕ್ಕೇ ಇಲ್ಲದಿದ್ದರೂ, ನೆರೆಮನೆಯಿಂದ ಒಂದನ್ನು ಕಡ ತಂದು ಕಂಬಕ್ಕೆ ಕಟ್ಟಿ, ಆಮೇಲೆಯೇ ದರ್ಭೆಯನ್ನು ಕೈಗೆತ್ತಿಕೊಂಡನು. ಇದನ್ನು ಕೇಳಿ ನಾವೆಲ್ಲರೂ ನಗುತ್ತೇವೆ. ಆದರೆ ನಮ್ಮ ಸಣ್ಣ ಕತೆಗಳಲ್ಲಿ ಕಂಬಕಂಬಕ್ಕೂ ಕಟ್ಟಿರುವ ಕಡದ ಬೆಕ್ಕುಗಳನ್ನು ಎಣಿಸಲು ಹೊರಟರೆ ಆ ನಗೆಯು ತುಟಿಯಲ್ಲಿಯೇ ಉಡುಗಿಹೋಗುವುದು.

ಕೆಲವು ತಿಂಗಳುಗಳ ಹಿಂದೆ ಒಂದು ಕಥಾಸ್ಪರ್ಧೆಗೆ ಬಂದ ಹಸ್ತಪ್ರತಿಗಳನ್ನು ಓದುವ ಕೆಲಸವು ಈ ಲೇಖಕನ ಪಾಲಿಗೆ ಬಂದಿತು. ಬರೆದವರು ಬಹುಮಟ್ಟಿಗೆ ತರುಣರು, ವಿದ್ಯಾವಂತರು. ಭಾಷೆಯೂ ತಕ್ಕಮಟ್ಟಿಗೆ ಶುದ್ಧವಾಗಿದ್ದಿತು. ಆದರೆ ಕಟ್ಟಿನ ಅರ್ಧವನ್ನು ಮುಗಿಸುವಷ್ಟರಲ್ಲಿಯೇ ಒಂದು ಸಂಗತಿಯು ಕಣ್ಣಿಗೆ ಹೊಡೆಯತೊಡಗಿತು. ಕತೆಯಲ್ಲಿ ಒಬ್ಬ ವಿಧವೆಯೋ, ಗಂಡನು ಬಿಟ್ಟವಳೋ, ಬೇರೆ ಜಾತಿಯವನನ್ನು ಪ್ರೀತಿಸಿದವಳೋ ಕಾಣಿಸಿಕೊಂಡಳೆಂದರೆ, ಕೊನೆಯ ಪುಟದಲ್ಲಿ ಬಾವಿಯೊಂದು ಅವಳಿಗಾಗಿ ಕಾದಿರುವುದು. ಬಾವಿಯಿಲ್ಲದ ಊರಾದರೆ ಕೆರೆ. ಪಟ್ಟಣವಾದರೆ ರೈಲಿನ ಹಳಿ. "ಇವಳು ಸಾಯಲೇಬೇಕಾಗಿತ್ತೆ?" ಎಂದು ಆ ತರುಣರಲ್ಲಿ ಒಬ್ಬರನ್ನು ಕೇಳಿದೆನು. "ಕತೆ ಮುಗಿಯಬೇಕಲ್ಲ, ಸಾರ್. ದೊಡ್ಡವರೂ ಹೀಗೆಯೇ ಮುಗಿಸಿದ್ದಾರೆ" ಎಂಬ ಉತ್ತರ ಬಂದಿತು. ಆ ಉತ್ತರವೇ ಈ ಲೇಖನಕ್ಕೆ ಕಾರಣ.

ದೊಡ್ಡವರು ಹೀಗೆಯೇ ಮುಗಿಸಿದರೆ? ಸಾವಿನಲ್ಲಿ ಮುಗಿಸಿದರೆಂಬುದು ನಿಜ. ನಮ್ಮ ಗದ್ಯಕಥನದ ಮೊದಲ ಹಿರಿಯ ಕೃತಿಯಾದ 'ವಡ್ಡಾರಾಧನೆ'ಯ 19 ಕತೆಗಳನ್ನೇ ನೋಡಬಹುದು. ಅವುಗಳ ಮಹಾಪುರುಷರು ಉಪಸರ್ಗಗಳನ್ನು ಸಹಿಸಿ ದೇಹವನ್ನು ಬಿಡುವರು. ಸುಖದಲ್ಲಿ ಬೆಳೆದು ಅತಿ ಕೋಮಲನಾಗಿದ್ದ ಸುಕುಮಾರಸ್ವಾಮಿಯು, ನರಿಯು ಮರಿಗಳೊಡನೆ ಬಂದು ತನ್ನ ಮೈಯನ್ನು ತಿನ್ನುತ್ತಿದ್ದರೂ ಅಲುಗದೆ ನಿಲ್ಲುವನು. ಆದರೆ ಅಲ್ಲಿ ಮರಣವು ಕತೆಯನ್ನು ಮುಗಿಸುವ ಉಪಾಯವಲ್ಲ. ಕತೆಯೆಲ್ಲವೂ ಆ ಮರಣಕ್ಕೆ ಸಿದ್ಧತೆ; ಭವಭವಗಳ ಲೆಕ್ಕವು ಆ ಒಂದು ಸ್ಥೈರ್ಯದಲ್ಲಿ ತೀರುವುದು. ಆ ಮರಣದ ಹಿಂದೆ ಒಂದು ದರ್ಶನವಿದೆ. ಅದನ್ನು ಒಪ್ಪದವರೂ ಅದರ ಗಾಂಭೀರ್ಯವನ್ನು ಅಲ್ಲಗಳೆಯಲಾರರು.

ಇನ್ನು ಬಾವಿಯ ಮಾತು. 'ಆನಂದ'ರ 'ನಾನು ಕೊಂದ ಹುಡುಗಿ'ಯನ್ನು ಓದಿದ ಯಾರೂ ಆ ಬಾವಿಯನ್ನು ಮರೆತಿರಲಾರರು. ವಿದ್ಯಾವಂತನಾದ ನಿರೂಪಕನು ಹಳ್ಳಿಯ ಮನೆಯೊಂದರಲ್ಲಿ ಅತಿಥಿಯಾಗಿ ತಂಗುವನು. ಆ ಮನೆಯ ಮಗಳನ್ನು ದೇವರಿಗೆ ಬಿಟ್ಟಿರುವರು. ಅವಳು ಧರ್ಮವೆಂದು ನಂಬಿ ನಡೆಯುತ್ತಿರುವುದು ಪಾಪವೆಂದು ಅವನು ಬೋಧಿಸುವನು. ಅವಳು ಬಾವಿಗೆ ಬೀಳುವಳು. ಶಿರೋನಾಮೆಯನ್ನು ಮತ್ತೊಮ್ಮೆ ಓದಿ ನೋಡಿರಿ: 'ನಾನು ಕೊಂದ' ಹುಡುಗಿ. ಅವಳ ನಂಬಿಕೆಯನ್ನು ಕಿತ್ತುಕೊಂಡು, ಅದರ ಬದಲಿಗೆ ಬದುಕುವ ದಾರಿ ಯಾವುದನ್ನೂ ಕೊಡದ ಸುಧಾರಕನ ಕಡೆಗೆ ಆ ಬಾವಿಯು ಬೆರಳು ತೋರಿಸುವುದು. ಅವನೊಡನೆ, ಅವನಂತೆಯೇ ಓದುಬರಹ ಬಲ್ಲ ನಮ್ಮನ್ನೂ ಅದು ಬಿಡುವುದಿಲ್ಲ. ನಮ್ಮ ಸ್ಪರ್ಧೆಯ ಕತೆಗಳ ಬಾವಿಯಾದರೋ ಯಾರ ಕಡೆಗೂ ಬೆರಳು ತೋರಿಸದು. 'ಅಯ್ಯೋ ಪಾಪ' ಎನ್ನಿಸಿ, ಓದುಗರ ಕಣ್ಣಿನಲ್ಲಿ ಎರಡು ಹನಿ ತರಿಸಿ, ಅವರನ್ನು ಊಟಕ್ಕೆ ಕಳುಹಿಸಿಬಿಡುವುದು. ಆನಂದರು ಬೆಕ್ಕನ್ನು ಕಟ್ಟಿದುದಕ್ಕೆ ಕಾರಣವಿದ್ದಿತು. ಇವರದು ಕಡದ ಬೆಕ್ಕು.

ಇದು ಕನ್ನಡಕ್ಕೆ ಮಾತ್ರ ತಗಲಿದ ರೋಗವೆಂದು ತಿಳಿಯಬಾರದು. ಫ್ರೆಂಚ್ ಕತೆಗಾರನಾದ ಮೊಪಾಸಾನು 1884ರಲ್ಲಿ ಒಂದು ಕಂಠಹಾರದ ಕತೆಯನ್ನು ಬರೆದನು. ಕಡ ತಂದ ಹಾರವನ್ನು ಕಳೆದುಕೊಂಡ ಹೆಂಗಸು, ಅಂಥದೇ ಮತ್ತೊಂದನ್ನು ಸಾಲ ಮಾಡಿ ಕೊಂಡು ಹಿಂದಿರುಗಿಸುವಳು. ಆ ಸಾಲವನ್ನು ತೀರಿಸಲು ಹತ್ತು ವರ್ಷ ದುಡಿದು ಹಣ್ಣಾದ ಮೇಲೆ, ಮೊದಲಿನ ಹಾರವು ನಕಲಿಯೆಂದು ಅವಳಿಗೆ ತಿಳಿದುಬರುವುದು. ಆ ಕೊನೆಯ ಮಾತು ಅವಳ ಹತ್ತು ವರ್ಷಗಳ ಬಾಳಿನ ಬೆಲೆಯನ್ನೇ ತಲೆಕೆಳಗು ಮಾಡುವುದು. ಅವನ ಹಿಂದೆ ಬಂದವರಲ್ಲಿ ಎಷ್ಟೋ ಜನ ಹತ್ತು ವರ್ಷಗಳ ದುಡಿಮೆಯನ್ನು ಬಿಟ್ಟು ತಿರುವನ್ನು ಮಾತ್ರ ಎತ್ತಿಕೊಂಡರು. ಕಷ್ಟವನ್ನು ಬಿಟ್ಟು ಅದರ ಪರಿಹಾರವನ್ನು ಮಾತ್ರ ಕದಿಯುವುದು ಗತಾನುಗತಿಕನ ಲಕ್ಷಣ.

ಇದಕ್ಕೆ ಪ್ರತಿವಾದಿಗಳು ಹೇಳುವ ಮಾತೊಂದುಂಟು: "ಸಂಪ್ರದಾಯವೇ ಬೇರು. ಬೇರನ್ನು ಕಡಿದರೆ ಮರ ಉಳಿಯುವುದೆ? ಇಂದಿನ ತರುಣರು ಹಿಂದಿನವರನ್ನು ಓದುವುದೇ ಇಲ್ಲ. ಇನ್ನು ಸಂಪ್ರದಾಯವನ್ನೂ ಬಿಟ್ಟರೆ ಗತಿಯೇನು?" ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಹಿಂದಿನವರನ್ನು ಓದಬಾರದೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಅವರನ್ನು ಸರಿಯಾಗಿ ಓದಿದವನು ಅವರ ಅಚ್ಚನ್ನು ಕದಿಯಲಾರನೆಂಬುದೇ ನಮ್ಮ ವಾದ. 1920ರಲ್ಲಿ 'ಕೆಲವು ಸಣ್ಣ ಕತೆಗಳು' ಪ್ರಕಟವಾದಾಗ ಮಾಸ್ತಿಯವರ ಮುಂದೆ ಅಂಥ ಅಚ್ಚು ಎಲ್ಲಿದ್ದಿತು? 'ರಂಗನ ಮದುವೆ'ಯ ನಿರೂಪಕನು ವಾಚಕರೊಡನೆ ಹರಟುತ್ತ ಕತೆ ಹೇಳುವನು. ಏಕೆಂದರೆ ಅವನು ಮಾತಿನಿಂದಲೇ ಮದುವೆಯನ್ನು ಕುದುರಿಸುವ ಮನುಷ್ಯ. ಆ ಹರಟೆಯನ್ನು ಮದುವೆಯಿಲ್ಲದ, ರಂಗನಿಲ್ಲದ ಕತೆಗೆ ಅಂಟಿಸಿದರೆ ಅದು ಬರಿಯ ಕಾಲಹರಣ. ಬೇರೆಂದರೆ ನೆಲದೊಳಗೆ ಇಳಿದು ನೀರನ್ನು ಹುಡುಕತಕ್ಕದ್ದು. ಒಣಗಿದ ಕೊಂಬೆಯನ್ನು ಬೇರೆಂದು ಪೂಜಿಸುವುದು ಸಂಪ್ರದಾಯಕ್ಕೆ ಮಾಡುವ ಗೌರವವಲ್ಲ.

ಹಳೆಯದು ಮಾತ್ರವೇ ಸಂಪ್ರದಾಯವೆಂಬ ಭ್ರಾಂತಿಯೂ ನಮಗೆ ಬೇಡ. ನವ್ಯರು ಹಿಂದಿನವರ ಜಾಡನ್ನು ಬಿಟ್ಟು ಹೊಸ ದಾರಿಯನ್ನು ತುಳಿದರು. ಆದರೆ ಕೆಲವೇ ವರ್ಷಗಳಲ್ಲಿ, ಪಟ್ಟಣದ ಬಾಡಿಗೆಯ ಕೋಣೆಯಲ್ಲಿ ಸಿಗರೇಟು ಸೇದುತ್ತ ಬೇಸರಪಡುವ ಏಕಾಕಿ ತರುಣನೂ ಒಂದು ಕಡದ ಬೆಕ್ಕಾದನು. ಬಂಡಾಯಕ್ಕೂ ಒಂದು ಪಂಚಾಂಗ ಹುಟ್ಟಿಕೊಳ್ಳಬಲ್ಲುದು.

ಇಷ್ಟೇ ಆಗಿದ್ದರೆ, ಕತೆಗಳು ಕೆಟ್ಟವೆಂದು ನಿಟ್ಟುಸಿರುಬಿಟ್ಟು ಸುಮ್ಮನಿರಬಹುದಾಗಿತ್ತು. ಆದರೆ ಇಲ್ಲಿ ಕೆಡುವುದು ಕತೆಯೊಂದೇ ಅಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1856ರಲ್ಲಿಯೇ ವಿಧವಾವಿವಾಹಕ್ಕೆ ಕಾಯಿದೆಯ ಸಮ್ಮತಿ ದೊರೆಯಿತು. 1955ರ ಹಿಂದೂ ವಿವಾಹದ ಕಾಯಿದೆಯು ವಿಚ್ಛೇದನಕ್ಕೆ ಬಾಗಿಲನ್ನು ತೆರೆಯಿತು. ದೇವದಾಸಿಯಾಗಿ ಬಿಡುವ ಪದ್ಧತಿಯನ್ನು ಕರ್ನಾಟಕವು 1982ರ ಕಾಯಿದೆಯಿಂದ ನಿಷೇಧಿಸಿತು. ಕಾಯಿದೆಯು ಬದುಕಗೊಟ್ಟವಳನ್ನು ನಮ್ಮ ಕತೆಗಾರರು ಇಂದಿಗೂ ಬಾವಿಗೆ ನೂಕುತ್ತಿರುವರು! ಅವಳು ಬದುಕಿ ಉಳಿದರೆ ತೊಡಕು ಹೆಚ್ಚು. ಅವಳಿಗೆ ಬಾಡಿಗೆಗೆ ಮನೆಯನ್ನು ಯಾರು ಕೊಡುವರು? ಅವಳ ಮಗುವನ್ನು ಪಂಕ್ತಿಯಲ್ಲಿ ಯಾರು ಕೂರಿಸಿಕೊಳ್ಳುವರು? ಆ ಪ್ರಶ್ನೆಗಳು ಕತೆಗಾರರನ್ನೂ ಬಾಧಿಸುವುವು, ಓದುವ ನಮ್ಮನ್ನೂ ಬಾಧಿಸುವುವು. ಸತ್ತವಳು ಪ್ರಶ್ನೆ ಕೇಳಳು. ಕೊಡಗಿನ ಗೌರಮ್ಮನವರು ತಮ್ಮ ಒಂದು ಕತೆಗೆ 'ಅಪರಾಧಿ ಯಾರು?' ಎಂಬ ಪ್ರಶ್ನೆಯನ್ನೇ ಹೆಸರಾಗಿಟ್ಟರು. ಬಾವಿಯು ಆ ಪ್ರಶ್ನೆಯ ಬಾಯಿ ಮುಚ್ಚಿಸುವುದು.

ಬೇರೆ ದಾರಿಯಿಲ್ಲವೆ? ಇದೆ. ಬಾನು ಮುಷ್ತಾಕರ 'ಎದೆಯ ಹಣತೆ'ಯಲ್ಲಿ ಗಂಡನೂ ತವರೂ ಕೈಬಿಟ್ಟ ಮೆಹರುನ್ ಸೀಮೆ ಎಣ್ಣೆಯನ್ನು ಸುರಿದುಕೊಳ್ಳುವಳು. ಹಳೆಯ ಅಚ್ಚಿನಲ್ಲಿ ಕತೆಯು ಅಲ್ಲಿಯೇ ಮುಗಿಯಬೇಕು. ಆದರೆ ಮಗಳು ಸಲ್ಮಾ ಎಳೆಯ ಕೂಸನ್ನು ಎತ್ತಿಕೊಂಡು ಬಂದು ತಾಯಿಯನ್ನು ತಡೆಯುವಳು. ಮೆಹರುನ್ ಬದುಕುವಳು, ಅವಳ ಕಷ್ಟವೂ ಹಾಗೆಯೇ ಉಳಿಯುವುದು. ಓದಿದವರಿಗೆ ಕಣ್ಣೀರಿಟ್ಟು ಕೈತೊಳೆದುಕೊಳ್ಳುವ ಅವಕಾಶವಿಲ್ಲ. ಈ ಕತೆಯುಳ್ಳ ಸಂಕಲನವು, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ, 2025ರ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯನ್ನು ಪಡೆದುದು ಕನ್ನಡಕ್ಕೆ ಹೆಮ್ಮೆಯ ಸಂಗತಿ. ಮುಂದಿನ ಸ್ಪರ್ಧೆಯ ಕಟ್ಟಿನಲ್ಲಿ ಕಥಾನಾಯಕಿಯರೆಲ್ಲರೂ ಸೀಮೆ ಎಣ್ಣೆಯ ಡಬ್ಬಿಯನ್ನು ಹಿಡಿದು, ಮಗಳು ಬರುವ ದಾರಿಯನ್ನೇ ನೋಡುತ್ತ ನಿಂತಿದ್ದರೆ, ಆ ಹೆಮ್ಮೆಯು ವ್ಯರ್ಥ.

ಆದುದರಿಂದ ಬರೆಯುವ ತರುಣರಲ್ಲಿ ಬಿನ್ನಹವಿಷ್ಟೇ: ಲೇಖನಿಯನ್ನು ಕೆಳಗಿಡುವ ಮೊದಲು, 'ಈ ಹೆಂಗಸು ನನ್ನ ಬೀದಿಯಲ್ಲಿ ಬಾಳುತ್ತಿದ್ದರೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡುವಳು?' ಎಂದು ಒಮ್ಮೆ ಕೇಳಿಕೊಳ್ಳಿರಿ. ಸಂಪಾದಕರೂ ತೀರ್ಪುಗಾರರೂ ಕಣ್ಣೀರಿಗೆ ಬಹುಮಾನ ಕೊಡುವುದನ್ನು ನಿಲ್ಲಿಸಲಿ. ಓದುವ ಗೃಹಸ್ಥರೂ ಗೃಹಿಣಿಯರೂ, ಕತೆಯಲ್ಲಿ ಹೆಣ ಬಿದ್ದಾಗ, ಅವಳನ್ನು ಕೊಂದವರಾರೆಂದು ಕೇಳುವ ಅಭ್ಯಾಸ ಮಾಡಲಿ. ಬೆಕ್ಕು ಮನೆಯಲ್ಲಿದ್ದು ಹಾಲಿಗೆ ಬಾಯಿಡುವುದಾದರೆ ಅಗತ್ಯವಾಗಿ ಕಟ್ಟೋಣ. ಇಲ್ಲದ ಬೆಕ್ಕಿಗಾಗಿ ನೆರೆಮನೆಯ ಬಾಗಿಲು ತಟ್ಟುವುದು ಬೇಡ.