ಗೆಳೆಯನ ಜೊತೆ ದ್ವೀಪಕ್ಕೆ: ಹೋಗೋಣ, ಆದರೆ ಅತಿಥಿಗಳಾಗಿ



ಈಚೆಗೆ ನಮ್ಮ ಯುವಜನರ ಮಾತಿನಲ್ಲಿ ಲಕ್ಷದ್ವೀಪದ ಹೆಸರು ಆಗಾಗ ಕೇಳಿಬರುತ್ತಿದೆ. 2024ರ ಜನವರಿಯಲ್ಲಿ ಪ್ರಧಾನಮಂತ್ರಿಯವರು ಅಲ್ಲಿಗೆ ಹೋಗಿಬಂದ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ ಮೇಲೆ ಈ ಆಸೆ ಇನ್ನೂ ಬಲವಾಗಿದೆ. "ಇಬ್ಬರೇ ಹೋಗಿ ಬರುವ ಮಾರಾಯ" ಎಂದು ಗೆಳೆಯರು ಮಾತಾಡಿಕೊಳ್ಳುತ್ತಾರೆ. ಮನೆಯಲ್ಲಿ ವಿಷಯ ಎತ್ತಿದರೆ "ಸುಮ್ಮನೆ ದುಡ್ಡು ಹಾಳು, ಕೆಲಸ ನೋಡು" ಎಂಬ ಉತ್ತರ ಸಿಗುತ್ತದೆ. ಎರಡೂ ಕಡೆಯವರಿಗೆ ನಮ್ಮದೊಂದು ಮಾತಿದೆ. ಹೋಗಬೇಕು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಯಾರ ಜೊತೆ, ಯಾವ ಹಣದಲ್ಲಿ, ಯಾವ ಮನಸ್ಸಿನಿಂದ ಎಂಬುದನ್ನು ಟಿಕೆಟ್ ತೆಗೆಯುವ ಮೊದಲೇ ತೀರ್ಮಾನಿಸಬೇಕು.

ಮೊದಲು ಹಿರಿಯರಿಗೆ. ವಿಶ್ರಾಂತಿ ಸೋಮಾರಿತನವಲ್ಲ. ಊರೂರು ಸುತ್ತಿ ದಣಿದು ಬಂದ ಪ್ರೇಷಿತರನ್ನು ಪ್ರಭು ಯೇಸು ಸ್ವಲ್ಪ ಹೊತ್ತು ದಣಿವಾರಿಸಿಕೊಳ್ಳಲು ಏಕಾಂತ ಸ್ಥಳಕ್ಕೆ ಕರೆದರು, ಅವರು ದೋಣಿ ಹತ್ತಿ ಹೋದರು ಎಂದು ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯ ಹೇಳುತ್ತದೆ. ಅದೇ ಅಧ್ಯಾಯದಲ್ಲಿ ಯೇಸು ಅವರನ್ನು ಇಬ್ಬಿಬ್ಬರಾಗಿ ಕಳಿಸಿದ್ದೂ ಇದೆ. ವಾರವಿಡೀ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ದುಡಿದು, ಭಾನುವಾರ ಗಾಯನವೃಂದಕ್ಕೂ ಧರ್ಮೋಪದೇಶ ತರಗತಿಗೂ ಓಡುವ ಮಗನಿಗೋ ಮಗಳಿಗೋ ವರ್ಷಕ್ಕೆ ನಾಲ್ಕು ದಿನ ಬಿಡುವು ಕೊಟ್ಟರೆ ಮನೆ ಮುಳುಗುವುದಿಲ್ಲ.

ಸುರಕ್ಷತೆಯ ಚಿಂತೆ ಸಹಜ, ಅದರಲ್ಲೂ ಇಬ್ಬರು ಹುಡುಗಿಯರು ಹೊರಟರೆ. ಆದರೆ ಲಕ್ಷದ್ವೀಪಕ್ಕೆ ಬೇಕೆಂದಾಗ ಬಸ್ಸು ಹತ್ತಿದ ಹಾಗೆ ಹೋಗಲಾಗುವುದಿಲ್ಲ. 1967ರ ನಿಯಮಗಳ ಪ್ರಕಾರ ಹೊರಗಿನವರಿಗೆ ಪ್ರವೇಶ ಪರವಾನಗಿ ಬೇಕು. ಯಾವ ದ್ವೀಪ, ಎಷ್ಟು ದಿನ ಎಂಬುದು ಮೊದಲೇ ದಾಖಲಾಗುತ್ತದೆ. ಕೊಚ್ಚಿಯಿಂದ ಹಡಗಿನಲ್ಲಿ ಒಂದು ರಾತ್ರಿಯ ಪ್ರಯಾಣ, ವಿಮಾನದಲ್ಲಾದರೆ ಅಗತ್ತಿಗೆ ಸುಮಾರು ಒಂದೂವರೆ ಗಂಟೆ. "ಬೇಡ" ಎಂದು ಮಾತು ಮುಗಿಸುವ ಬದಲು ಪರವಾನಗಿಯ ಕಾಗದ, ಹಡಗಿನ ಹೆಸರು, ಉಳಿಯುವ ಜಾಗ ತೋರಿಸು ಎಂದು ಕೇಳಿ. ಮಕ್ಕಳು ಸುಳ್ಳು ಹೇಳಿ ಹೋಗುವುದಕ್ಕಿಂತ ತೋರಿಸಿ ಹೋಗುವುದು ಎಷ್ಟೋ ಮೇಲು.

ಇನ್ನು ನಮ್ಮ ವಯಸ್ಸಿನವರಿಗೆ. ಜೊತೆಗೆ ಬರುವವರು ಯಾರು ಎಂಬುದು ದ್ವೀಪಕ್ಕಿಂತ ಮುಖ್ಯ. ಪೌಲ ಮತ್ತು ಬಾರ್ನಬ ಗೆಳೆಯರು. ಬಾರ್ನಬ ಹುಟ್ಟಿದ್ದು ಸೈಪ್ರಸ್ ದ್ವೀಪದಲ್ಲಿ. ಅವರಿಬ್ಬರ ಮೊದಲ ಪ್ರೇಷಿತ ಪ್ರಯಾಣ ಶುರುವಾದದ್ದೂ ಆ ದ್ವೀಪದಿಂದಲೇ. ಜೊತೆಗೆ ಹೋಗಿದ್ದ ಯುವಕ ಮಾರ್ಕ ಪೆರ್ಗ ಎಂಬಲ್ಲಿ ಅವರನ್ನು ಬಿಟ್ಟು ಮರಳಿದ. ಮುಂದಿನ ಪ್ರಯಾಣಕ್ಕೆ ಅವನನ್ನು ಕರೆದೊಯ್ಯಬೇಕೋ ಬೇಡವೋ ಎಂಬ ಮಾತಿಗೆ ಇಬ್ಬರು ಸಂತರು ಜಗಳವಾಡಿ ಬೇರೆ ಬೇರೆ ದಾರಿ ಹಿಡಿದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಮತ್ತೆ ಸೈಪ್ರಸ್‌ಗೆ ಹೊರಟ. ಪ್ರೇಷಿತರ ಕಾರ್ಯಕಲಾಪಗಳು ಈ ಜಗಳವನ್ನು ಮುಚ್ಚಿಡುವುದಿಲ್ಲ. ಆದರೆ ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ ಅದೇ ಮಾರ್ಕನನ್ನು ಕರೆತಾ, ಅವನು ನನಗೆ ಉಪಯುಕ್ತ ಎಂದು ಪೌಲನೇ ಹೇಳುವುದನ್ನು ಓದುತ್ತೇವೆ.

ಪ್ರಯಾಣ ಗೆಳೆತನವನ್ನು ಪರೀಕ್ಷಿಸುತ್ತದೆ. ಭಾನುವಾರ ಚರ್ಚಿನ ಅಂಗಳದಲ್ಲಿ ಹತ್ತು ನಿಮಿಷ ನಕ್ಕು ಮಾತಾಡುವುದು ಬೇರೆ, ಹಡಗಿನಲ್ಲಿ ವಾಂತಿ ಮಾಡಿ ಸುಸ್ತಾದವನ ಪಕ್ಕ ರಾತ್ರಿಯಿಡೀ ಕೂರುವುದು ಬೇರೆ. ಬೇಗ ಏಳುವವ, ತಡವಾಗಿ ಏಳುವವ, ಮೀನು ಮುಟ್ಟದವ, ದಿನವಿಡೀ ಫೋಟೋ ತೆಗೆಯುವವ, ಎಲ್ಲ ಸ್ವಭಾವಗಳೂ ಅಲ್ಲಿ ಹೊರಬೀಳುತ್ತವೆ. ಆದ್ದರಿಂದ "ಬೇಡ" ಎಂದು ನಮಗೆ ಹೇಳಬಲ್ಲ, ನಾವು "ಬೇಡ" ಎಂದರೆ ಕೋಪಿಸಿಕೊಳ್ಳದ ಗೆಳೆಯನನ್ನೇ ಆರಿಸಿಕೊಳ್ಳಬೇಕು. ನಗಿಸುವವನು ಸಿಕ್ಕಿದರೆ ಒಳ್ಳೆಯದೇ, ಆದರೆ ಅಷ್ಟೇ ಸಾಲದು.

ಮುಂದಿನದು ಹಣ. ಈಗ ಪ್ರವಾಸಕ್ಕೂ ಕಂತಿನ ಸಾಲ ಸಿಗುತ್ತದೆ, ಮೊಬೈಲ್ ಒತ್ತಿದರೆ ಸಾಕು. ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ ಶೇ. 24ರ ಬಡ್ಡಿಯಲ್ಲಿ 40,000 ರೂಪಾಯಿ ತೆಗೆದು 12 ಕಂತುಗಳಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 3,780 ರೂಪಾಯಿ ಕಟ್ಟಬೇಕು, ಒಟ್ಟು 45,000 ದಾಟುತ್ತದೆ. ನಾಲ್ಕು ದಿನದ ಸಂತೋಷಕ್ಕೆ ಒಂದು ವರ್ಷದ ತಲೆನೋವು. ಅದೇ ತಿಂಗಳಿಗೆ 2,000ದಂತೆ ಒಂದೂವರೆ ವರ್ಷ ಕೂಡಿಟ್ಟರೆ 36,000 ಕೈಯಲ್ಲಿರುತ್ತದೆ, ಯಾರಿಗೂ ತಲೆ ತಗ್ಗಿಸಬೇಕಾಗಿಲ್ಲ. ಪ್ರವಾಸಕ್ಕೆ ಸಾಲ ಮಾಡಬಾರದು. ಇದರಲ್ಲಿ ರಿಯಾಯಿತಿ ಬೇಡ.

ಇಬ್ಬರು ಗೆಳೆಯರಲ್ಲಿ ಒಬ್ಬನಿಗೆ ಸಂಬಳ ಹೆಚ್ಚು, ಇನ್ನೊಬ್ಬನ ಮನೆಯಲ್ಲಿ ಅಕ್ಕನ ಮದುವೆಯ ಸಾಲ ಇರಬಹುದು. ಅಂಥಲ್ಲಿ ಕಡಿಮೆ ಇರುವವನ ಕೈಗೆ ತಕ್ಕಂತೆ ಯೋಜನೆ ಹಾಕುವುದೇ ಪ್ರೀತಿ. "ನಾನು ಕೊಡ್ತೇನೆ, ಬಾ" ಎಂಬ ಮಾತು ಕೇಳಲು ಚೆಂದ, ಆದರೆ ಪ್ರತಿ ಊಟಕ್ಕೂ ಅದನ್ನೇ ಕೇಳುವವನಿಗೆ ಆ ದ್ವೀಪ ರುಚಿಸುವುದಿಲ್ಲ. ಇಬ್ಬರಿಗೂ ಎಟುಕದಿದ್ದರೆ ಮಲ್ಪೆಯ ಎದುರಿಗೇ ಸೇಂಟ್ ಮೇರೀಸ್ ದ್ವೀಪ ಇದೆ. ಕಂಬಗಳನ್ನು ಜೋಡಿಸಿಟ್ಟಂತೆ ನಿಂತ ಅಲ್ಲಿನ ಬಸಾಲ್ಟ್ ಶಿಲೆಗಳನ್ನು ನೋಡಿ ಸಂಜೆಗೆ ದಡಕ್ಕೆ ಮರಳಬಹುದು. ಗೆಳೆತನಕ್ಕೆ ಅದು ಕಡಿಮೆಯೇನಲ್ಲ.

ಕಾಸರಗೋಡಿನವರಾದ ನಮಗೆ ಲಕ್ಷದ್ವೀಪ ಪರದೇಶವೂ ಅಲ್ಲ. ಅಮೀನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ನಮ್ಮ ಕಾಸರಗೋಡೂ ಅದೇ ಜಿಲ್ಲೆಯಲ್ಲಿತ್ತು. ಆ ವರ್ಷ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಅವರು ಕೇಂದ್ರಾಡಳಿತಕ್ಕೆ ಹೋದರು. ಅಲ್ಲಿನ ತೆಂಗಿನ ನಾರು ಮಂಜಿಗಳಲ್ಲಿ ಮಂಗಳೂರಿನ ಬಂದರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಒಂದೇ ಕಚೇರಿಗೆ ಅರ್ಜಿ ಹಿಡಿದು ನಿಂತವರು ನಮ್ಮ ಅಜ್ಜಂದಿರೂ ಅವರ ಅಜ್ಜಂದಿರೂ. ಹೆಚ್ಚಿನ ದ್ವೀಪಗಳ ಮಾತು ಜೆಸರಿ, ಮಲಯಾಳದ್ದೇ ಒಂದು ರೂಪ. ಶಾಲೆಯಲ್ಲಿ, ಪೇಟೆಯಲ್ಲಿ ನಾವು ಕಲಿತ ಮಲಯಾಳ ಅಲ್ಲಿ ಕೆಲಸಕ್ಕೆ ಬರುತ್ತದೆ. ಮಿನಿಕಾಯ್‌ನವರು ಮಾತ್ರ ಮಹಲ್ ಎಂಬ ಬೇರೆಯೇ ಭಾಷೆ ಆಡುತ್ತಾರೆ. ದೊಡ್ಡ ಭಾಷೆಯ ನಡುವೆ ಚಿಕ್ಕ ಭಾಷೆಯನ್ನು ಉಳಿಸಿಕೊಳ್ಳುವ ಕಷ್ಟವನ್ನು ಗಡಿನಾಡ ಕನ್ನಡಿಗರಿಗೆ ಯಾರೂ ವಿವರಿಸಬೇಕಾಗಿಲ್ಲ.

ಹೀಗಾಗಿ ಅಲ್ಲಿಗೆ ಗಿರಾಕಿಗಳಂತೆ ಹೋಗದೆ ನೆರೆಯವರಂತೆ ಹೋಗಬೇಕು. ದ್ವೀಪವಾಸಿಗಳು ಬಹುತೇಕ ಮುಸ್ಲಿಮರು. ಬಂಗಾರಂ ಬಿಟ್ಟರೆ ಉಳಿದೆಡೆ ಮದ್ಯಕ್ಕೆ ನಿಷೇಧವಿದೆ. "ರಜೆಯಲ್ಲಿ ಕುಡಿಯದಿದ್ದರೆ ಏನು ಮಜಾ" ಎನ್ನುವವನನ್ನು ಜೊತೆಗೆ ಕರೆಯದಿರುವುದು ಒಳ್ಳೆಯದು. ಊರೊಳಗೆ ನಡೆಯುವಾಗ ಮೈತುಂಬ ಬಟ್ಟೆ ಇರಲಿ. ನಮ್ಮ ಇಗರ್ಜಿಯ ಮುಂದೆ ಯಾರಾದರೂ ಈಜುಡುಪಿನಲ್ಲಿ ಸುತ್ತಿದರೆ ನಮಗೆ ಹೇಗನಿಸುತ್ತದೋ, ಮಸೀದಿಯ ಮುಂದೆ ಅವರಿಗೂ ಹಾಗೆಯೇ. ಕೇಳದೆ ಯಾರ ಫೋಟೋವನ್ನೂ ತೆಗೆಯಬಾರದು.

ಆ ನೆಲ ಎಷ್ಟು ಚಿಕ್ಕದು ಎಂಬುದೂ ನೆನಪಿರಲಿ. ಎಲ್ಲ ದ್ವೀಪಗಳೂ ಸೇರಿ 32 ಚದರ ಕಿಲೋಮೀಟರ್, ಜನರಿರುವುದು 10 ದ್ವೀಪಗಳಲ್ಲಿ. 2011ರ ಜನಗಣತಿಯಂತೆ 64 ಸಾವಿರಕ್ಕೂ ಹೆಚ್ಚು ಜನ. ನದಿಯಿಲ್ಲ. ಮಳೆಯ ನೀರು ನೆಲದಡಿಯಲ್ಲಿ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ, ಹೆಚ್ಚು ಎಳೆದರೆ ಬಾವಿ ಉಪ್ಪಾಗುತ್ತದೆ. ಸಮುದ್ರದ ನೀರಿನಿಂದ ದಿನಕ್ಕೆ ಒಂದು ಲಕ್ಷ ಲೀಟರ್ ಕುಡಿಯುವ ನೀರು ಮಾಡುವ ಸ್ಥಾವರ 2005ರಲ್ಲಿ ಕವರತ್ತಿಯಲ್ಲಿ ಶುರುವಾದದ್ದು ಈ ಕಷ್ಟಕ್ಕಾಗಿಯೇ. ಅಲ್ಲಿ ನಾವು ಅರ್ಧ ಗಂಟೆ ಷವರ್ ಕೆಳಗೆ ನಿಂತರೆ ಯಾರದೋ ಬಾವಿಯ ನೀರು ಹೋಗುತ್ತದೆ. ಸಮುದ್ರ ಬಿಸಿಯಾಗಿ 1998, 2010, 2016ರಲ್ಲಿ, ಮತ್ತೆ 2024ರಲ್ಲಿ ಹವಳಗಳು ಬಿಳಿಚಿದವು. ದ್ವೀಪಗಳು ನಿಂತಿರುವುದೇ ಹವಳದ ಮೇಲೆ. ಹವಳದ ಮೇಲೆ ಕಾಲಿಡಬಾರದು. ನೆನಪಿಗೆಂದು ಒಂದು ತುಂಡನ್ನೂ ತರಬಾರದು, ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ನಾವು ಒಯ್ದ ಪ್ಲಾಸ್ಟಿಕ್ ನಮ್ಮ ಚೀಲದಲ್ಲೇ ಮರಳಿ ಬರಲಿ.

ಅತಿಥಿ ಹೇಗಿರಬೇಕು ಎಂಬುದಕ್ಕೆ ಪೌಲನನ್ನೇ ನೋಡಬಹುದು. ಹಡಗು ಒಡೆದು 276 ಮಂದಿ ಮಾಲ್ಟಾ ದ್ವೀಪದ ದಡ ಸೇರಿದಾಗ ಗುರುತಿಲ್ಲದ ಜನ ಮಳೆ, ಚಳಿಗೆ ಬೆಂಕಿ ಹಾಕಿ ಬರಮಾಡಿಕೊಂಡರು. ಪೌಲ ಸುಮ್ಮನೆ ಕುಳಿತು ಮೈ ಕಾಯಿಸಿಕೊಳ್ಳಲಿಲ್ಲ, ತಾನೂ ಕಟ್ಟಿಗೆ ಆರಿಸಿ ತಂದು ಬೆಂಕಿಗೆ ಹಾಕಿದ. ಕೈದಿಯಾಗಿದ್ದವನು, ದಣಿದವನು ಮಾಡಿದ ಕೆಲಸ ಇದು. ದುಡ್ಡು ಕೊಟ್ಟಿದ್ದೇವೆ ಎಂಬ ಕಾರಣಕ್ಕೆ ಉಂಡ ತಟ್ಟೆ ಎತ್ತದ ನಮಗೆ ಇದು ಪಾಠವಾಗಲಿ.

ಭಾನುವಾರದ ಬಲಿಪೂಜೆಗೂ ಯೋಜನೆಯಲ್ಲಿ ಜಾಗವಿರಲಿ. ಹೋಗುವಾಗಲೋ ಬರುವಾಗಲೋ ಭಾನುವಾರ ಕೊಚ್ಚಿಯಲ್ಲಿ ಸಿಗುವಂತೆ ದಿನ ಹೊಂದಿಸಿದರೆ ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಸ್ ಬೆಸಿಲಿಕಾ ಇದೆ. ಹೊರಡುವ ಮೊದಲು ಫಾದರ್ ಹತ್ತಿರ ಒಂದು ಮಾತು ಹೇಳಿ, ಆಶೀರ್ವಾದ ಪಡೆದು ಹೋಗಿ.

ಅಕ್ಟೋಬರಿನಿಂದ ಮೇ ನಡುವೆ ಕಡಲು ಶಾಂತ. ಈ ಸಲ ಆಗದಿದ್ದರೆ ಮುಂದಿನ ಸಲ ಆದೀತು. ಅಲ್ಲಿಯವರೆಗೆ ಒಂದು ಡಬ್ಬಿಯಲ್ಲಿ ಹಣ ಕೂಡಿಡಿ, ಗೆಳೆಯನ ಮನೆಗೆ ಹೋಗಿ ಅವನ ಅಮ್ಮನ ಜೊತೆ ಒಮ್ಮೆ ಕುಳಿತು ಮಾತಾಡಿ, ನಿಮ್ಮ ಮನೆಯವರಿಗೂ ಅವನ ಪರಿಚಯ ಮಾಡಿಸಿ. ಪ್ರಯಾಣದ ತಯಾರಿ ಅಲ್ಲಿಂದಲೇ ಶುರುವಾಗುತ್ತದೆ.